ಉಗುರು ತಡೆಯದ ಪೆನ್ನು

ಕಟ್ಟಿಗೆ ಕಡೆಯುವವರ ಅಂಗಡಿಯಲ್ಲಿ ದಿನಾ ಸಂಜೆ ಗುಡಿಸಿದರೂ ಹೊಟ್ಟು ಮುಗಿಯುವುದಿಲ್ಲ. ನಗುವ ಪ್ರಸಂಗಗಳೂ ಹಾಗೆಯೇ. ಒಂದನ್ನು ನೆನೆಸಿಕೊಂಡು ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ.

ನಮ್ಮದು ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಿಕ್ಕ ಅಂಗಡಿ. ಅಪ್ಪ ಮಂಚದ ಕಾಲು ಕಡೆಯುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರಾದವನು. ನೆಲದ ಮೇಲೆ ಕೂತು, ತಿರುಗುವ ಕಟ್ಟಿಗೆಗೆ ಉಳಿ ಹಿಡಿದು, ಆ ಉಳಿ ಅಲುಗದಂತೆ ಎಡಗಾಲಿನ ಹೆಬ್ಬೆರಳಿನಿಂದ ಒತ್ತಿಕೊಳ್ಳುವ ಹಳೇ ಪದ್ಧತಿ ಅವನದು. ಎಪ್ಪತ್ತರ ದಶಕದ ಕೊನೆಗೆ ಕಟ್ಟಿಗೆ ತಿರುಗಿಸಲು ಹಗ್ಗ ಎಳೆಯುವ ಆಳಿನ ಜಾಗಕ್ಕೆ ಕರೆಂಟಿನ ಮೋಟಾರು ಬಂತು. ಹೆಬ್ಬೆರಳಿನ ಜಾಗಕ್ಕೆ ಏನೂ ಬರಲಿಲ್ಲ.

ಆಮೇಲೆ ಸೊಲ್ಲಾಪುರದಿಂದ ಕಬ್ಬಿಣದ ಮಂಚಗಳು ಬರತೊಡಗಿದವು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಕಟ್ಟಿಗೆ ಕಾಲು ಕೇಳುವವರೇ ಇಲ್ಲದಂತಾಯಿತು. ಅಪ್ಪ ಬೆಳಿಗ್ಗೆ ಅಂಗಡಿ ತೆಗೆದು, ಉಳಿ ಮಸೆದು, ಸಂಜೆ ಅದೇ ಉಳಿಯನ್ನು ಹಾಗೇ ಒಳಗಿಟ್ಟು ಮನೆಗೆ ಬರುತ್ತಿದ್ದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಹೇಳಿದೆ: "ಯಪ್ಪಾ, ಕಟ್ಟಿಗಿ ಪೆನ್ನು ಮಾಡೂಣು."

"ಪೆನ್ನಂದ್ರ ಹುಡುಗರ ಆಟ," ಅಂದ ಅಪ್ಪ. "ನಮ್ದು ಮಂಚದ ಕಾಲಿನ ಅಂಗಡಿ. ಕಾಲು ಬ್ಯಾಡಂದ್ರ ಬಾಗಲಾ ಹಾಕ್ತೇನಿ, ಪೆನ್ನು ಮಾಡಂಗಿಲ್ಲ."

ನಾನು ಬಿಡಲಿಲ್ಲ. ಕೊನೆಗೆ ಅಪ್ಪ ಒಂದು ಷರತ್ತು ಹಾಕಿದ. ಕಟ್ಟಿಗೆ ಪೆನ್ನೆಂದರೆ ಎರಡು ತುಂಡು. ಚೌಕಾಕಾರದ ತುಂಡಿಗೆ ನಡುವೆ ತೂತು ಕೊರೆದು, ಹಿತ್ತಾಳೆ ಕೊಳವೆ ಕೂಡಿಸಿ, ತುದಿಗಳನ್ನು ನೆಟ್ಟಗೆ ಸವರಿ, ಆಮೇಲೆ ದುಂಡಗೆ ಕಡೆಯಬೇಕು. ಎರಡು ತುಂಡು ನಡುವಿನಲ್ಲಿ ಕೂಡುತ್ತವಲ್ಲ, ಅಲ್ಲಿಯೇ ಎಲ್ಲ ಇರುವುದು. ತುದಿ ಕೂದಲೆಳೆಯಷ್ಟು ವಾಲಿದರೂ ಸಂದು ಬಾಯಿ ಬಿಡುತ್ತದೆ. ಅಪ್ಪ ತನ್ನ ಬಲಗೈ ಹೆಬ್ಬೆರಳಿನ ಉಗುರು ತೋರಿಸಿ ಹೇಳಿದ: "ಆ ಸಂದಿನ ಮ್ಯಾಲೆ ಈ ಉಗುರು ಎಳೀತೇನಿ. ಉಗುರು ತಡೀಲಾರದಂಥ ಪೆನ್ನು ಯಾವತ್ತು ಮಾಡ್ತಿ, ಅವತ್ತು ಅಂಗಡಿ ನಿಂದು. ಅಲ್ಲೀತನಕ ಹುಡುಗರ ಆಟ."

ಅಂಗಡಿ ಉಳಿಯುವುದು ಆ ಉಗುರಿನ ಮೇಲೆ ನಿಂತಿತು.

೧. ಕಂಡಕ್ಟರನ ಕಿವಿ

ಮೊದಲ ಪೆನ್ನು ಬೇವಿನ ಕಟ್ಟಿಗೆಯದು. ನಾನು ನಾಲ್ಕು ಅಕ್ಷರ ಕಲಿತವನು, ನೆಲದ ಮೇಲೆ ಕೂತು ಕಾಲಿನಿಂದ ಉಳಿ ಹಿಡಿಯುವುದು ನನಗೆ ನಾಚಿಕೆ. ಮೇಜಿನ ಮುಂದೆ ನಿಂತು, ಅರ ಹಿಡಿದು ತುದಿ ಸವರತೊಡಗಿದೆ. ಒಂದು ತುಂಡಿನ ತುದಿ ಸವರಿ ಇನ್ನೊಂದಕ್ಕೆ ಹಿಡಿದರೆ ಸಂದಿನಲ್ಲಿ ಬೆಳಕು. ಎರಡನೆಯದನ್ನು ಸವರಿದರೆ ಬೆಳಕು ಈ ಕಡೆಯಿಂದ ಆ ಕಡೆಗೆ ಹೋಯಿತು. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಮಧ್ಯಾಹ್ನದ ಹೊತ್ತಿಗೆ ಬೆಳಕು ಮುಚ್ಚಿತು. ಪೆನ್ನು ಮಾತ್ರ ಬೀಡಿಗಿಂತ ಸ್ವಲ್ಪ ಉದ್ದ ಉಳಿದಿತ್ತು.

ಅಪ್ಪ ಉಗುರು ಎಳೆದ. "ತಡೀತು," ಅಂದ. ಅಷ್ಟೇ.

ಬಸ್ ಕಂಡಕ್ಟರನೊಬ್ಬ ನಮ್ಮ ಅಂಗಡಿಗೆ ನೀರು ಕುಡಿಯಲು ಬರುತ್ತಿದ್ದ. ಆ ಗಿಡ್ಡ ಪೆನ್ನನ್ನು ನೋಡಿ ಕಿವಿಯ ಮೇಲೆ ಸಿಗಿಸಿಕೊಂಡ. ಅವನ ಮುಖ ಅರಳಿತು. "ಇಷ್ಟು ದಿನಾ ಎಲ್ಲಿದ್ರಿ ನೀವು? ಕಿವಿ ಮ್ಯಾಲೆ ಇಟ್ರ ಟೊಪಿಗಿಗೆ ತಾಗವಲ್ದು, ಬಗ್ಗಿದ್ರ ಬೀಳವಲ್ದು. ನಮ್ಮ ಡ್ರೈವರಗೂ ಹಿಂಥಾದೇ ಒಂದು ಮಾಡ್ರಿ."

ನಾನು ಉಬ್ಬಿಹೋದೆ. ಬೇಕಂತಲೇ ಗಿಡ್ಡ ಪೆನ್ನು ಮಾಡಲು ಕೂತೆ. ಹಾಳಾದ್ದು, ಎರಡೇ ಸಲ ಅರ ಆಡಿಸಿದ್ದಕ್ಕೆ ತುದಿಗಳು ಕೂಡಿಬಿಟ್ಟವು. ಕೂಡಿದ್ದನ್ನು ಮತ್ತೆ ಕತ್ತರಿಸಲು ಮನಸ್ಸಾಗಲಿಲ್ಲ, ಉದ್ದನೆಯ ಒಳ್ಳೇ ಪೆನ್ನನ್ನೇ ಕೊಟ್ಟೆ. ಅಪ್ಪನ ಉಗುರು ಮಾತ್ರ ಅದಕ್ಕೂ ತಡೆದಿತ್ತು. ಕಂಡಕ್ಟರ ಅದನ್ನು ಕಿವಿಯ ಮೇಲಿಟ್ಟ. ಟೊಪ್ಪಿಗೆ ಒಂದು ಕಡೆ ಮೇಲೆದ್ದಿತು. ಅವನು ಬೇಸರದಿಂದ ತಲೆಯಾಡಿಸಿದ.

"ಮೊದಲ್ನೇದು ಎಷ್ಟು ಛಂದ ಮಾಡಿದ್ರಿ," ಅಂದ. "ಒಂದೇ ವಾರದಾಗ ಕೈ ಕೆಡಿಸಿಕೊಂಡ್ರೆಲ್ರಿ."

೨. ಓಣಿಗೆಲ್ಲ ಗುನ್ಯಾ

ಕಣ್ಣನ್ನು ನಂಬಿದರೆ ಆಗದೆಂದು ಸೊಲ್ಲಾಪುರಕ್ಕೆ ಹೋಗಿ ಉಕ್ಕಿನ ಹೊಸ ಗುನ್ಯಾ ತಂದೆ. ಪುಸ್ತಕದಲ್ಲಿ ಮೂಲೆಮಟ್ಟ ಅನ್ನುತ್ತಾರೆ, ಮೂಲೆ ನೆಟ್ಟಗಿದೆಯೋ ಇಲ್ಲವೋ ನೋಡುವ ಸಾಧನ. ಪೆನ್ನಿನ ತುದಿಗೆ ಹಿಡಿದು ತೋರಿಸಿ, "ನೋಡು ಯಪ್ಪಾ, ಬರೋಬ್ಬರಿ ಅದ," ಅಂದೆ.

"ಪೆನ್ನು ಬರೋಬ್ಬರಿ ಅದ ಅಂತ ಗುನ್ಯಾ ಹೇಳ್ತದ. ಗುನ್ಯಾ ಬರೋಬ್ಬರಿ ಅದ ಅಂತ ಯಾರು ಹೇಳ್ತಾರ?" ಅಂದ ಅಪ್ಪ.

ಗುನ್ಯಾ ತೆಗೆದುಕೊಂಡು ಅಂಗಡಿಯ ಶಹಾಬಾದಿ ಕಲ್ಲಿನ ಮೂಲೆಗೆ ಇಟ್ಟ. ಸಂದು ಕಂಡಿತು. "ಗುನ್ಯಾ ಸೊಟ್ಟ ಅದ." ನಾನು ಕಲ್ಲೇ ಸೊಟ್ಟಗಿದೆ ಅಂದೆ. ಇಬ್ಬರೂ ಹೊರಗೆ ಬಂದು ನಮ್ಮ ಬಾಗಿಲ ಚೌಕಟ್ಟಿಗೆ ಇಟ್ಟೆವು. ಅಲ್ಲಿಯೂ ಸಂದು. ಪಕ್ಕದ ದರ್ಜಿಯ ಮೇಜು ನೋಡಿದೆವು, ಅದೂ ಸೊಟ್ಟ. ದರ್ಜಿ ಕತ್ತರಿ ಕೆಳಗಿಟ್ಟು ನಮ್ಮ ಜೊತೆ ಹೊರಟ. ಚಹಾದ ಅಂಗಡಿಯ ಬೆಂಚು ನೋಡಿದೆವು. ಚಹಾ ಮಾಡುವವನೂ ಒಲೆ ಬಿಟ್ಟು ಬಂದ. ಹೀಗೆ ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಿಟಕಿ, ಕಟ್ಟೆ, ಕಂಬ ಯಾವುದನ್ನೂ ಬಿಡದೆ ಗುನ್ಯಾ ಇಟ್ಟು ನೋಡುತ್ತ ಹೋದೆವು. ಎಲ್ಲಿಟ್ಟರೂ ಬೆಳಕು. ಹಿಂದೆ ಬರುವ ಮಂದಿ ಒಬ್ಬೊಬ್ಬರಾಗಿ ಹೆಚ್ಚಿದರು. ಒಬ್ಬ ಮನೆಯ ಯಜಮಾನ ತನ್ನ ಹೊಸ ಗೋಡೆ ಸೊಟ್ಟಗಿರುವುದನ್ನು ಕಂಡು ಕಣ್ಣು ಕೆಂಪಗೆ ಮಾಡಿಕೊಂಡ. ಅದೇ ಓಣಿಯಲ್ಲಿದ್ದ ಗೌಂಡಿಯನ್ನು, ಅಂದರೆ ಆ ಗೋಡೆ ಕಟ್ಟಿದವನನ್ನು, ಕೂಗಿ ಕರೆದ.

ಗೌಂಡಿ ಬಂದ. ಗುಂಪನ್ನು ನೋಡಿದ, ಗೋಡೆ ನೋಡಿದ, ಅಪ್ಪನ ಕೈಯಲ್ಲಿದ್ದ ಗುನ್ಯಾ ನೋಡಿದ. ಅಪ್ಪನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ:

"ಕಾಕಾ, ಅದನ್ನ ಒಳಗ ಇಡ್ರಿ. ಮಂದಿ ಈ ಮನ್ಯಾಗ ಇನ್ನೂ ಬಾಳೇ ಮಾಡಬೇಕು."

೩. ಒಂಟಿ ಕಾಲು

ಉಗುರು ತಡೆಯುತ್ತಿದ್ದರೂ ಪೆನ್ನಿಗೆ ಗಿರಾಕಿಗಳು ಬರತೊಡಗಿದರು. ಹೆಚ್ಚಿನವರು ತಮ್ಮದೇ ಕಟ್ಟಿಗೆ ತರುತ್ತಿದ್ದರು. ಅಫಜಲಪುರದ ಸಾಲಿ ಮಾಸ್ತರರೊಬ್ಬರು ತಮ್ಮ ತಂದೆಯ ಚಕ್ಕಡಿಯ ನೊಗದ ತುಂಡು ತಂದುಕೊಟ್ಟು, "ಇದರಾಗ ನನಗೊಂದು ಪೆನ್ನು ಮಾಡ್ರಿ, ಅಪ್ಪನ ನೆನಪಿಗೆ," ಅಂದರು.

ಆ ದಿನ ನಾನು ಊರಲ್ಲಿರಲಿಲ್ಲ. ಕೈ ಸುಮ್ಮನಿರದೆ ಅಪ್ಪನೇ ಕೂತು ಮಾಡಿಬಿಟ್ಟಿದ್ದ. ಮಾಸ್ತರರು ಬಂದಾಗ ಅವರ ಮುಂದೆ ನಾಲ್ಕು ಪೆನ್ನು ಇಟ್ಟ.

"ನಾ ಹೇಳಿದ್ದು ಒಂದ್ರಿ," ಅಂದರು ಮಾಸ್ತರರು.

"ಹೌದ್ರಿ. ಆದ್ರ ಒಂಟಿ ಕಾಲು ಕಡೀಬಾರ್ದು. ಮಂಚಕ್ಕ ನಾಕು ಕಾಲು ಇರ್ತಾವ. ಒಂದೇ ಕಡದ್ರ ಮನ್ಯಾಗ ಯಾರರ ಒಬ್ಬಂಟಿ ಆಗ್ತಾರ. ನಮ್ಮ ಅಜ್ಜನ ಕಾಲದಿಂದ ಹಿಂಗೇ ನಡದದ."

"ಇದು ಪೆನ್ನಲ್ರಿ?"

"ಕಡದದ್ದು ಅಲ್ರಿ?"

ಮಾಸ್ತರರು ಜೇಬು ಮುಟ್ಟಿ ನೋಡಿಕೊಂಡು ಒಂದನ್ನೇ ತೆಗೆದುಕೊಂಡು ಹೋದರು. ಉಳಿದ ಮೂರನ್ನು ನೋಡುತ್ತ ಅಪ್ಪ ಚಡಪಡಿಸಿದ. "ಮೂರು ಕಾಲಿನ ಮಂಚದ ಮ್ಯಾಲೆ ಯಾರು ಮಲಗ್ತಾರ?" ಎಂದು ತನ್ನಷ್ಟಕ್ಕೇ ಗೊಣಗಿ, ಉಳಿದ ನೊಗದ ತುಂಡಿನಲ್ಲಿ ಇನ್ನೊಂದು ಪೆನ್ನು ಕಡೆಯಲು ಕೂತ.

"ಈಗ ಒಂಟಿ ಕಡ್ಯಾಕತ್ತೀಯಲ್ಲ ಯಪ್ಪಾ?" ಅಂದೆ.

"ಇದು ಹ್ಯಾಂಗ ಒಂಟಿ? ಇದಕ್ಕ ಮೂರು ಮಂದಿ ಅಣ್ಣಂದಿರು ಅದಾರ."

ಹೀಗೆ ಒಬ್ಬ ಗಿರಾಕಿ ಬಂದರೆ ಒಂದು ಪೆನ್ನು ಹೊರಗೆ ಹೋಗುತ್ತಿತ್ತು, ನಾಲ್ಕು ಒಳಗೆ ಉಳಿಯುತ್ತಿದ್ದವು. ಅವ್ವ ಅವನ್ನೆಲ್ಲ ಎಣ್ಣೆಯ ಹಳೇ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಪೆನ್ನು ಮಾರಿದಷ್ಟೂ ಡಬ್ಬಿ ತುಂಬುತ್ತ ಹೋದದ್ದು ನಮ್ಮ ಅಂಗಡಿಯಲ್ಲಿ ಮಾತ್ರ ಇರಬೇಕು.

೪. ಹೆಬ್ಬೆರಳಿನ ಪೂಜೆ

ಗಾಣಗಾಪುರದಲ್ಲಿ ಪೂಜಾ ಸಾಮಾನು ಮಾರುವ ಹಿರಿಯರೊಬ್ಬರು ಒಂದು ಮಧ್ಯಾಹ್ನ ಬಂದರು. ಮಡಿಬಟ್ಟೆಯಲ್ಲಿ ಸುತ್ತಿದ ಔದುಂಬರದ, ಅಂದರೆ ಅತ್ತಿ ಮರದ, ಒಣ ಕೊಂಬೆ ತಂದಿದ್ದರು. ಗಾಳಿಗೆ ತಾನಾಗಿಯೇ ಬಿದ್ದ ಕೊಂಬೆ. ಮ್ಯಾಟ್ರಿಕ್ ಪರೀಕ್ಷೆಗೆ ಕೂಡುವ ಮೊಮ್ಮಗನಿಗೆ ಅದರಲ್ಲಿ ಪೆನ್ನಾಗಬೇಕು. ಕೆಲಸ ಕಣ್ಣೆದುರೇ ಆಗಬೇಕೆಂದು ಅಂಗಡಿಯಲ್ಲೇ ಕೂತರು.

ಅಪ್ಪ ತುಂಡನ್ನು ಮೋಟಾರಿಗೆ ಸಿಗಿಸಿ, ಉಳಿ ಹಿಡಿದು, ಕಾಲು ಮುಂದೆ ಚಾಚಿದ. ಹಿರಿಯರು ಹೌಹಾರಿ ಎದ್ದರು.

"ಕಾಲು ಹಚ್ಚಬ್ಯಾಡ್ರಿ! ದತ್ತನ ಗಿಡ ಅದು!"

"ಕಾಲು ಕಟ್ಟಿಗಿಗೆ ತಾಗಂಗಿಲ್ರಿ. ಉಳಿಗೆ ತಾಗ್ತದ," ಅಂದ ಅಪ್ಪ.

"ಉಳಿ ಕಟ್ಟಿಗಿಗೆ ತಾಗ್ತದಲ್ರಿ?"

ಅಪ್ಪ ಉಳಿಯನ್ನೊಮ್ಮೆ ನೋಡಿದ. ಕಾಲು ಮಡಚಿಕೊಂಡ. ಹುಟ್ಟಿನಿಂದ ಮಾಡದ ಕೆಲಸ, ಬರೀ ಕೈಯಿಂದ ಉಳಿ ಹಿಡಿದ. ಔದುಂಬರ ಮೊದಲೇ ಮೆತ್ತನೆಯ ಕಟ್ಟಿಗೆ. ಉಳಿ ಕುಣಿಯಿತು, ತುದಿ ಹರಿದು ವಾಲಿತು. ಎರಡು ತುಂಡು ಜೋಡಿಸಿದರೆ ಸಂದಿನಲ್ಲಿ ಇರುವೆ ಸಂಸಾರ ಹೂಡುವಷ್ಟು ಜಾಗ. ಎರಡನೇ ಪೆನ್ನೂ ಹಾಗೆಯೇ ಆಯಿತು. ಹಿರಿಯರು ಆ ಸಂದು ನೋಡಿದರು, ಉಳಿದಿದ್ದ ಕೊಂಬೆಯ ಚೂರು ನೋಡಿದರು, ಮೊಮ್ಮಗನ ಪರೀಕ್ಷೆ ನೆನೆಸಿಕೊಂಡಿರಬೇಕು. ಕೊನೆಗೆ ಅಪ್ಪನ ಕಾಲನ್ನು ನೋಡಿದರು.

"ಕಾಲು ತೊಳಕೊಂಡು ಬರ್ರಿ," ಅಂದರು.

ತಾವೇ ತಂಬಿಗೆಯಿಂದ ನೀರು ಹಾಕಿದರು. ಅಪ್ಪ ಬೇಡ ಬೇಡ ಅಂದರೂ ಕೇಳದೆ ಆ ಹೆಬ್ಬೆರಳಿಗೆ ಗಂಧ ಹಚ್ಚಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಅಪ್ಪ ನಾಚಿಕೆಯಿಂದ ನೆಲ ನೋಡುತ್ತಲೇ ಇನ್ನೆರಡು ಕಡೆದು ನಾಲ್ಕರ ಲೆಕ್ಕ ಮುಗಿಸಿದ. ಸಂದು ಎಲ್ಲಿದೆಯೆಂದು ನನಗೇ ತಿಳಿಯಲಿಲ್ಲ, ಉಗುರು ಎಳೆದರೆ ಜಾರಿ ಹೋಯಿತು. ಹಿರಿಯರು ಕೆಟ್ಟ ಪೆನ್ನುಗಳನ್ನೂ ಹೊಟ್ಟನ್ನೂ ಬಿಡದೆ ಮಡಿಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು.

ನನಗೆ ಅವತ್ತು ಒಂದು ಮಾತು ತಿಳಿಯಿತು. ಅಪ್ಪನ ಕೈಯೂ ನನ್ನ ಕೈಯಷ್ಟೇ ಅಲುಗುತ್ತದೆ, ಎಲ್ಲ ಇರುವುದು ಹೆಬ್ಬೆರಳಿನಲ್ಲಿ. ಮರುದಿನದಿಂದ ನಾಚಿಕೆ ಬಿಟ್ಟು, ಚಪ್ಪಲಿ ಬಿಟ್ಟು, ನಾನೂ ನೆಲದ ಮೇಲೆ ಕೂತೆ. ಅಪ್ಪ ನೋಡಿಯೂ ನೋಡದವನಂತಿದ್ದ.

ಹೆಬ್ಬೆರಳಿಗೆ ಪೂಜೆಯಾದ ದಿನ ರಾತ್ರಿ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಹಿಡಿದುಕೊಂಡು ಅಪ್ಪನ ಮುಂದೆ ನಿಂತು ಕೇಳಿದಳು: "ಎಡಿ ಮೊದಲ ಹೆಬ್ಬೆರಳಿಗೆ ಹಿಡೀಲೋ, ನಿಮಗ ಹಿಡೀಲೋ?"

೫. ನಾಲ್ವರು ಅಳಿಯಂದಿರು

ತಂಗಿಗೆ ಜೇವರ್ಗಿಯ ಹುಡುಗ ಗೊತ್ತಾದ. ನಾನೂ ಅಪ್ಪನೂ ಹೋಗಿ ಮನೆತನ ನೋಡಿ ಬಂದಿದ್ದೆವು. ಅವ್ವ ಹುಡುಗನನ್ನು ಇನ್ನೂ ನೋಡಿರಲಿಲ್ಲ. ಸಕ್ಕರೆ ಕಾರ್ಯಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಅವರ ಮನೆಗೇ ಹೋಗುವುದಿತ್ತು. ಆ ದಿನ ಹುಡುಗನ ಜೇಬಿಗೆ ಹೆಣ್ಣಿನ ತಂದೆ ಪೆನ್ನು ಸಿಗಿಸುವುದು ಆಗಿನ ರೂಢಿ. ಪೇಟೆಯ ಪೆನ್ನು ಬೇಡ, ನಮ್ಮದೇ ಇರಲಿ ಅಂದೆ. ಅಪ್ಪ ಎದ್ದು ಒಳಕೋಣೆಗೆ ಹೋದ. ಅಲ್ಲಿ ಅವ್ವನ ಸಾಗವಾನಿ ಮಂಚವಿತ್ತು, ಅಪ್ಪ ತನ್ನ ಮದುವೆಗೆ ತಾನೇ ಕಡೆದದ್ದು. ಮಂಡಿಯೂರಿ ಕೂತು ಅದರ ಒಂದು ಕಾಲನ್ನು ಬಿಚ್ಚತೊಡಗಿದ.

"ಏನು ಮಾಡಾಕತ್ತೀರಿ?" ಎಂದು ಅವ್ವ ಕೂಗಿದಳು.

"ಅವಳಿಗೆ ಬ್ಯಾರೆ ಕಟ್ಟಿಗಿ ಯಾಕ? ಇದರ ಮ್ಯಾಲೇ ಹುಟ್ಯಾಳ."

ನಾಲ್ಕರಲ್ಲಿ ಒಂದನ್ನು ಎಂದೂ ಬೇರೆ ಮಾಡದ ಮನುಷ್ಯ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಕಾಲು ಕಿತ್ತು ಬಂತು, ಮಂಚ ವಾಲಿ ಅಪ್ಪನ ಎಡಗಾಲಿನ ಹೆಬ್ಬೆರಳಿನ ಮೇಲೆಯೇ ಬಿತ್ತು.

ಹೆಬ್ಬೆರಳು ಬದನೆಕಾಯಿಯಂತೆ ಊದಿತು. ಅವ್ವ ಕಾಲಿಲ್ಲದ ಮೂಲೆಗೆ ಪೆನ್ನು ತುಂಬಿದ ಎಣ್ಣೆ ಡಬ್ಬಿ ಕೊಟ್ಟು ಮಂಚ ನಿಲ್ಲಿಸಿದಳು. ಅಪ್ಪ ಹಟ ಹಿಡಿದು ಬರೀ ಕೈಯಿಂದಲೇ ಮೂರು ಪೆನ್ನು ಸವರಿ ಕಡೆದ. ನಾಲ್ಕನೆಯದಕ್ಕೆ ನೋವು ತಡೆಯಲಾಗದೆ ಉಳಿ ನನ್ನ ಕಡೆ ಚಾಚಿದ. "ತಗೋ. ಕೆಡಿಸಬ್ಯಾಡ." ನಾನು ನೆಲಕ್ಕೆ ಕೂತು, ಹೆಬ್ಬೆರಳು ಒತ್ತಿ, ಉಸಿರು ಹಿಡಿದು ಮಾಡಿದೆ. ಅಪ್ಪ ಅದನ್ನು ಉಗುರಿಗೆ ಹಚ್ಚಲೇ ಇಲ್ಲ. ನಾಲ್ಕನ್ನೂ ವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ನನ್ನದೂ ತಡೆಯುತ್ತದೆಂದೇ ನಾನು ತಿಳಿದೆ.

ಜೇವರ್ಗಿಗೆ ಹೋಗುವಾಗ ಬಸ್ಸಿನಲ್ಲಿ ಅವ್ವನಿಗೆ ಒಂದೇ ಚಿಂತೆ. "ಅವರ ಮನ್ಯಾಗ ಮಂದಿ ಬಾಳ. ಹುಡುಗ ಯಾರಂತ ನನಗ ಹ್ಯಾಂಗ ತಿಳೀಬೇಕ್ರಿ? ಆರತಿ ತಪ್ಪಿದ್ರ?"

"ಹುಚ್ಚಿ, ಜೇಬಿನ್ಯಾಗ ನಮ್ಮ ಪೆನ್ನಿದ್ದವನೇ ನಿನ್ನ ಅಳಿಯ," ಅಂದ ಅಪ್ಪ.

ಬೀಗರ ಮನೆಯಲ್ಲಿ ಹೆಂಗಸರು ಅವ್ವನನ್ನು ಒಳಗೆ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಕಾರ್ಯ ನಡೆಯಿತು. ಹುಡುಗನಿಗೆ ಮೂವರು ತಮ್ಮಂದಿರು, ನಾಲ್ವರೂ ಒಂದೇ ಅಚ್ಚಿನವರು, ನಾಲ್ವರಿಗೂ ಒಂದೇ ಥಾನಿನ ಬಿಳಿ ಅಂಗಿ. ಅಪ್ಪ ತಾಟಿನಲ್ಲಿ ಪೆನ್ನುಗಳನ್ನಿಟ್ಟು, ಒಂದೊಂದನ್ನೂ ಬೆರಳಿನಿಂದ ಸವರಿ, ಒಂದನ್ನು ಆರಿಸಿ ಹುಡುಗನ ಜೇಬಿಗೆ ಸಿಗಿಸಿದ.

"ಉಳಿದ ಮೂರು ಯಾರಿಗ್ರಿ?" ಎಂದು ಕೇಳಿದರು ಹುಡುಗನ ತಂದೆ.

"ನಮ್ಮ ಮನ್ಯಾಗ ಒಂಟಿ ಮಾಡಂಗಿಲ್ರಿ," ಅಂದ ಅಪ್ಪ.

ಬೀಗರು ತಲೆದೂಗಿ, ಮೂರನ್ನೂ ಮೂವರು ಮಕ್ಕಳ ಜೇಬಿಗೆ ಸಿಗಿಸಿಬಿಟ್ಟರು. ಆಗಲೇ ಅವ್ವ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಬಾಗಿಲ ಹತ್ತಿರ ನಿಂತವನ ಜೇಬಿನಲ್ಲಿ ಪೆನ್ನು ಕಂಡಿತು. ಮುಖ ಅರಳಿಸಿ ಕುಂಕುಮ ಹಚ್ಚಲು ಕೈ ಎತ್ತಿದಳು.

"ನಾ ಅಲ್ರೀ ಅತ್ತಿ!" ಎಂದು ಅವನು ಹಿಂದೆ ಸರಿದು ಗೋಡೆಗೆ ಬಡಿದುಕೊಂಡ. ಅವನು ಎಲ್ಲರಿಗಿಂತ ಕಿರಿಯವನು.

ಅವ್ವ ತಿರುಗಿ ನೋಡಿದಳು. ಇನ್ನೂ ಮೂರು ಜೇಬು, ಮೂರು ಪೆನ್ನು. ಪಡಸಾಲೆಯೆಲ್ಲ ನಗು. ನಾನು ಹುಡುಗನ ಕಡೆ ಕೈ ತೋರಿಸಲು ಹೋದೆ. ಬೀಗರು ತಡೆದು, "ಯಾರೂ ಹೇಳಬ್ಯಾಡ್ರಿ! ಪೆನ್ನು ನಿಮ್ದು, ಗುರ್ತು ನೀವೇ ಹಿಡೀರಿ," ಅಂದರು. ಅವ್ವ ನಾಲ್ಕು ಜೇಬನ್ನೂ ಮತ್ತೆ ನೋಡಿದಳು. ನಾಲ್ಕು ಮಂದಿಯ ಮುಂದೆ ಮರ್ಯಾದೆ ಹೋಯಿತೆಂದು ಅವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಅಪ್ಪ ಕುಂಟುತ್ತ ಎದ್ದು ಅವಳ ಹತ್ತಿರ ಹೋದ. ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: "ಉಗುರು ಎಳದು ನೋಡು. ಎಲ್ಲಿ ತಡೀವಲ್ದೋ, ಅವನೇ ಅಳಿಯ."

ಇಷ್ಟು ವರ್ಷ ಕಟ್ಟಿಗೆ ಕಡೆಯುವವನ ಜೊತೆ ಬಾಳಿದವಳಿಗೆ ಬೇರೆ ಹೇಳಬೇಕೇ? ಒಂದು ಕೈಯಲ್ಲಿ ಆರತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನ ಉಗುರನ್ನು ಕಿರಿಯವನ ಪೆನ್ನಿನ ಮೇಲೆ ಎಳೆದಳು. "ತಡೀತು." ಅವನ ಪಕ್ಕದವನು. "ತಡೀತು." ಮೂರನೆಯವನು ಬೆವರುತ್ತ ಎದೆ ಮುಂದೆ ಮಾಡಿ ನಿಂತ. "ಇದೂ ತಡೀತು." ನಾಲ್ಕನೆಯವನ ಪೆನ್ನಿನ ಮೇಲೆ ಉಗುರು ಮೇಲಿನಿಂದ ಕೆಳಗಿನವರೆಗೆ ಸರ್ರನೆ ಜಾರಿತು. ಅವ್ವ ಇನ್ನೊಮ್ಮೆ ಎಳೆದು ನೋಡಿ, ಅವನ ಹಣೆಗೆ ಕುಂಕುಮ ಹಚ್ಚಿ ಆರತಿ ಬೆಳಗಿದಳು. ಸರಿಯಾಗಿ ಹುಡುಗನೇ!

ತಡೆದವು ಮೂರೂ ಅಪ್ಪನವು. ಜಾರಿದ್ದು ನನ್ನದು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಎಲ್ಲರ ನಗು ನಿಂತ ಮೇಲೆ ಬೀಗರು ಅಪ್ಪನ ಹೆಗಲ ಮೇಲೆ ಕೈಯಿಟ್ಟು ತಮ್ಮ ಮಕ್ಕಳ ಕಡೆ ನೋಡುತ್ತ ಹೇಳಿದರು: "ತಪ್ಪು ತಿಳೀಬ್ಯಾಡ್ರಿ ಬೀಗರ. ಉಳಿದ ಮೂವರಿಗೂ ಹೆಣ್ಣು ನೀವೇ ನೋಡ್ರಿ. ನಮ್ಮ ಮನ್ಯಾಗೂ ಒಂಟಿ ಮಾಡಂಗಿಲ್ಲ."

ಗುಲ್ಬರ್ಗಾದಲ್ಲಿ ಬಸ್ ಬದಲಿಸಿ ಕೂತಾಗ ನಾನು ಮೆಲ್ಲಗೆ ಕೆಣಕಿದೆ. "ಯಪ್ಪಾ, ನಿನ್ನವು ಮೂರೂ ತಡದವು."

"ಹೆಬ್ಬೆರಳು ಬಾತಿತ್ತಲೇ," ಅಂದ ಅಪ್ಪ ಕಿಟಕಿಯ ಹೊರಗೆ ನೋಡುತ್ತ. ತೊಗರಿ ಹೊಲಗಳು ಹಿಂದೆ ಹೋದವು. ಆಳಂದ ಹತ್ತಿರ ಬಂದಾಗ ಮತ್ತೆ ಬಾಯಿ ಬಿಟ್ಟ. "ನಾಳಿಂದ ಅಂಗಡ್ಯಾಗ ಪೆನ್ನೇ ಮಾಡು. ನಾ ಉಳಿ ಮಸದು ಕೊಡ್ತೇನಿ."

ಹೆಬ್ಬೆರಳಿನ ಊತ ಇಳಿದ ಮೇಲೆ ಅಪ್ಪ ಮೊದಲು ಕೂತದ್ದು ಅವ್ವನ ಮಂಚಕ್ಕೆ ಹೊಸ ಕಾಲು ಕಡೆಯಲು. ಒಂದೇ ಕಾಲು. ಇದಕ್ಕೂ ಮೂವರು ಅಣ್ಣಂದಿರು ಇದ್ದರಲ್ಲ, ನಾನು ಕೇಳಲಿಲ್ಲ. ಕೈ ಬಿಟ್ಟುಹೋಗಿತ್ತೋ ಏನೋ, ತುದಿ ನೆಟ್ಟಗೆ ಬರಲೆಂದು ಸವರಿದ, ಮತ್ತೆ ಸವರಿದ, ಇನ್ನಷ್ಟು ಸವರಿದ. ಡಬ್ಬಿ ತೆಗೆದು ಕಾಲು ಕೂಡಿಸಿದರೆ ಗಿಡ್ಡವಾಗಿ ಮಂಚ ಆ ಮೂಲೆಗೆ ವಾಲಿತು.

ಅವ್ವ ನೆಟ್ಟಗೆ ಅಂಗಡಿಗೆ ಹೋಗಿ, ನಾನು ಸವರಿಟ್ಟಿದ್ದ ಪೆನ್ನಿನ ಚೌಕ ತುಂಡೊಂದನ್ನು ತಂದಳು. ಗಿಡ್ಡ ಕಾಲಿನ ಕೆಳಗೆ ಅದನ್ನು ತೂರಿಸಿ ಮಂಚ ಅಲುಗಾಡಿಸಿ ನೋಡಿದಳು. ಬರೋಬ್ಬರಿ ನಿಂತಿತ್ತು. ಹಾಸಿಗೆ ಹಾಸಿ, ಅಪ್ಪನ ಕಡೆ ತಿರುಗಿ ಹೇಳಿದಳು:

"ಹುಡುಗರ ಆಟ ಅಂತಿದ್ರೆಲ್ಲ, ಈಗ ಅದರ ಮ್ಯಾಲೇ ಮಲಗ್ರಿ."